ಬೇರೆ ಏನಾದ್ರೂ ಕೇಳಿಸ್ತಾ?

ಎರಡು ವಾರದ ಮಟ್ಟಿಗೆ, ಅದೂ ಸಂಬಳವಿಲ್ಲದೆ, ಒಬ್ಬ ಶಾಲಾ ಹುಡುಗಿಗೆ ಕೆಲಸ ಕೊಡಲು ಇಡೀ ಊರು ಇಷ್ಟೊಂದು ಹಿಂದೆಮುಂದೆ ನೋಡುತ್ತದೆ ಎಂದು ಯಾಕಮ್ಮ ಕನಸಿನಲ್ಲೂ ಎಣಿಸಿರಲಿಲ್ಲ.

ಯಾಕಮ್ಮ ಅವಳ ನಿಜವಾದ ಹೆಸರಲ್ಲ. ಮಾತು ಬಂದಾಗಿನಿಂದ ಕಂಡದ್ದಕ್ಕೆಲ್ಲ 'ಯಾಕೆ' ಎಂದು ಕೇಳಿ ತಲೆ ತಿನ್ನುತ್ತಿದ್ದವಳಿಗೆ ಅಮ್ಮ ಬೇಸತ್ತು ಇಟ್ಟ ಹೆಸರು ಅದು. ಶಾಲೆಯಲ್ಲೂ ಅದೇ ಅಂಟಿಕೊಂಡಿತು. ನಿಜವಾದ ಹೆಸರು ಹಾಜರಿ ಕೂಗುವಾಗ ಮಾತ್ರ ಕೇಳಿಬರುತ್ತಿತ್ತು, ಆಗಲೂ ಅವಳು ಒಂದು ಕ್ಷಣ ತಡಮಾಡಿ ಕೈಯೆತ್ತುತ್ತಿದ್ದಳು.

ಆ ಶಾಲೆಯಲ್ಲಿ ಒಂದು ನಿಯಮವಿತ್ತು. ಹದಿನಾರು ತುಂಬಿದವರೆಲ್ಲ ಮುಂದೆ ಏನು ಓದಬೇಕೆಂದಿದ್ದಾರೋ ಆ ವಿಷಯಕ್ಕೆ ಸಂಬಂಧಪಟ್ಟ ಕಡೆ ಎರಡು ವಾರ ಕೆಲಸ ಮಾಡಿ ಬರಬೇಕು. ಜಾಗವನ್ನು ಅವರೇ ಹುಡುಕಿಕೊಳ್ಳಬೇಕು. ಉಳಿದ ಹುಡುಗ ಹುಡುಗಿಯರಿಗೆ ಇದು ಎಡಗೈ ಕೆಲಸವಾಗಿತ್ತು. ಒಬ್ಬನಿಗೆ ಔಷಧಿ ಅಂಗಡಿಯ ದೊಡ್ಡಪ್ಪ, ಇನ್ನೊಬ್ಬಳಿಗೆ ವಕೀಲೆ ಅತ್ತೆ, ಮತ್ತೊಬ್ಬನಿಗೆ ಪಶುವೈದ್ಯ ಮಾವ. ಯಾಕಮ್ಮನಿಗೆ ಬೇಕಾಗಿದ್ದದ್ದು ಭೌತಶಾಸ್ತ್ರ. ಭೌತಶಾಸ್ತ್ರದ ಅಂಗಡಿ ಇಟ್ಟ ಚಿಕ್ಕಪ್ಪ ಯಾವ ಮನೆತನದಲ್ಲೂ ಇರುವುದಿಲ್ಲ, ಅವಳ ಮನೆತನದಲ್ಲಂತೂ ಎಲ್ಲರೂ ಮೊಳೆ ಕಾರ್ಖಾನೆಯವರೇ.

ವಿದ್ಯುತ್ ಕೇಂದ್ರದವರು ಗೇಟಿನಲ್ಲೇ ತಡೆದು, ಅಲ್ಲಿ ಹಕ್ಕಿ ಕೂತರೂ ಸುಟ್ಟುಹೋಗುತ್ತದೆ ಎಂದು ಹೆದರಿಸಿ ಕಳಿಸಿದರು. ವಿಶ್ವವಿದ್ಯಾಲಯದ ಪ್ರಯೋಗಾಲಯದವರು ಬಹಳ ಮರ್ಯಾದೆಯಿಂದ, ಪದವಿ ಮುಗಿಸಿಕೊಂಡು ಬನ್ನಿ ಎಂದರು. ಕನ್ನಡಕದಂಗಡಿಯವನು ಒಪ್ಪಿದ, ಆದರೆ ಗಿರಾಕಿಗಳಿಗೆ ಕನ್ನಡಿ ಹಿಡಿದು ನಿಲ್ಲುವುದೇ ಕೆಲಸ ಎಂದ. ಇವಳು, ಕನ್ನಡಿ ಹಿಡಿಯುವುದೂ ಬೆಳಕಿನ ಪಾಠವೇ ಅಲ್ಲವೇ ಎಂದು ಒಂದು ರಾತ್ರಿ ತನ್ನನ್ನೇ ಒಪ್ಪಿಸಲು ನೋಡಿ, ಬೆಳಿಗ್ಗೆ ಎದ್ದಾಗ ಒಪ್ಪಿರಲಿಲ್ಲ. ಶುಕ್ರವಾರದೊಳಗೆ ಜಾಗ ಸಿಗದಿದ್ದರೆ ಶಾಲೆಯ ಗ್ರಂಥಾಲಯದಲ್ಲಿ ಕೂತು ಹರಿದ ಪುಸ್ತಕಗಳಿಗೆ ಗೋಂದು ಹಚ್ಚಬೇಕಿತ್ತು. ಜಾಗ ಸಿಗದ ಬಡಪಾಯಿಗಳಿಗೆಲ್ಲ ಅದೇ ಗತಿ.

ಗುರುವಾರ ಅವಳು ಆಸ್ಪತ್ರೆಯ ಎಕ್ಸ್‌ರೇ ವಿಭಾಗಕ್ಕೆ ಹೋದಳು. ಅಲ್ಲಿಯ ಮುಖ್ಯಸ್ಥ ಮಾತು ಮುಗಿಯುವ ಮೊದಲೇ ತಲೆ ಅಲ್ಲಾಡಿಸಿದ. ಹದಿನೆಂಟು ಆಗದವರನ್ನು ಆ ಬಾಗಿಲು ದಾಟಿಸುವ ಹಾಗಿಲ್ಲ. ಮುಖ ಊದಿಸಿಕೊಂಡು ಹೊರಬಂದವಳು ಬಂದ ಮೆಟ್ಟಿಲು ಬಿಟ್ಟು ಬೇರೆ ಮೆಟ್ಟಿಲು ಇಳಿದುಬಿಟ್ಟಳು. ಕೆಳಗೆ ಒಂದು ಉದ್ದನೆಯ ಓಣಿ. ಓಣಿಯ ಕೊನೆಯಲ್ಲಿ ಐವತ್ತು ದಾಟಿದ ಹೆಂಗಸೊಬ್ಬಳು ಮೊಣಕಾಲೂರಿ, ಒಂದು ದಪ್ಪ ಬಾಗಿಲಿನ ಸಂದಿಗೆ ಕಾಗದದ ಚೂರು ಸಿಕ್ಕಿಸಿ, ಬಾಗಿಲು ಮುಚ್ಚಿ, ಕಾಗದವನ್ನು ಎಳೆಯುತ್ತಿದ್ದಳು. ಎಳೆದಳು, ಒಂದಿಂಚು ಪಕ್ಕಕ್ಕೆ ಸರಿಸಿದಳು, ಮತ್ತೆ ಮುಚ್ಚಿ ಎಳೆದಳು.

ಯಾಕಮ್ಮನ ಬಾಯಿ ಸುಮ್ಮನಿರಲಿಲ್ಲ.

"ಯಾಕೆ ಹಾಗೆ ಎಳೀತಿದೀರ?"

"ಕಾಗದ ಸಲೀಸಾಗಿ ಬಂತು ಅಂದ್ರೆ ಅಲ್ಲಿ ರಬ್ಬರ್ ಸವೆದಿದೆ ಅಂತ. ರಬ್ಬರ್ ಸವೆದ ಕಡೆ ಶಬ್ದ ಒಳಗೆ ನುಗ್ಗುತ್ತೆ." ಹೆಂಗಸು ತಿರುಗಿ ನೋಡದೆಯೇ ಹೇಳಿದಳು.

"ಶಬ್ದ ನುಗ್ಗಿದ್ರೆ ಏನಾಗುತ್ತೆ?"

"ಕಿವಿ ಚೆನ್ನಾಗಿರೋರ್ನ ಕಿವುಡರು ಅಂತ ಬರೆದು ಕಳಿಸ್ತೀವಿ."

ಬಾಗಿಲ ಹಿಂದೆ ಒಂದು ಪುಟ್ಟ ಕೋಣೆಯಿತ್ತು. ಗೋಡೆ, ಚಾವಣಿಗೆಲ್ಲ ಸ್ಪಂಜು, ನಡುವೆ ಒಂದು ಕುರ್ಚಿ, ಒಂದು ಗಾಜಿನ ಕಿಟಕಿ. ಕಿಟಕಿಯ ಆಚೆ ಮೇಜಿನ ಮೇಲೆ ಗುಂಡಿ, ತಿರುಗಣೆಗಳ ಯಂತ್ರ. ಒಳಗೆ ಕೂತವರ ಕಿವಿಗೆ ಬೇರೆ ಬೇರೆ ಸ್ಥಾಯಿಯ ಸಣ್ಣ ಸಣ್ಣ ಸ್ವರ ಕಳಿಸಿ, ಯಾವುದು ಕೇಳಿಸಿತು ಯಾವುದು ಇಲ್ಲ ಎಂದು ಅಳೆಯುವ ಜಾಗ. ಅಲ್ಲಿಯವರು ಅದನ್ನು ಡಬ್ಬಿ ಎನ್ನುತ್ತಿದ್ದರು. ಆ ಹೆಂಗಸನ್ನು ಆಸ್ಪತ್ರೆಯೆಲ್ಲ ಕಿವಿ ಮೇಡಂ ಎನ್ನುತ್ತಿತ್ತು. ಯಾಕಮ್ಮ ಅರ್ಧ ಗಂಟೆ ಅಲ್ಲೇ ನಿಂತು ಪ್ರಶ್ನೆ ಕೇಳಿದಳು. ಕಿವಿ ಮೇಡಂ ಕೊನೆಗೆ ಎದ್ದು ಮೊಣಕಾಲು ಒರೆಸಿಕೊಂಡು, "ಇಷ್ಟು ಮಾತಾಡೋ ಹುಡುಗೀನ ಮಾತೇ ಇಲ್ಲದ ಕೋಣೇಲಿ ಇಟ್ಕೊಬೇಕಾ ಅಂತ ಯೋಚನೆ. ಸರಿ, ಸೋಮವಾರ ಬಾ" ಎಂದಳು.

ಈಗ ಭೌತಶಾಸ್ತ್ರದ ಮೇಷ್ಟ್ರು ಒಪ್ಪಬೇಕಿತ್ತು. ಅವರಿಗೂ ಜೀವಶಾಸ್ತ್ರದ ಟೀಚರಿಗೂ ಸೂಕ್ಷ್ಮದರ್ಶಕದ ಕಪಾಟಿನ ಬೀಗದ ಕೈ ಯಾರ ಬಳಿ ಇರಬೇಕೆಂಬ ವಿಷಯದಲ್ಲಿ ಹಳೆಯ ಜಗಳ.

"ಕಿವಿ ಅವರದಮ್ಮ, ನಮ್ಮದಲ್ಲ" ಎಂದರು ಮೇಷ್ಟ್ರು.

"ಸರ್, ಶಬ್ದ ಹುಟ್ಟೋದು, ಗಾಳೀಲಿ ಬರೋದು, ತಮಟೆಗೆ ಬಡಿಯೋದು ಎಲ್ಲಾ ನಮ್ಮದೇ ಅಲ್ವಾ?"

ಮೇಷ್ಟ್ರು ಗಲ್ಲ ಕೆರೆದುಕೊಂಡರು. ಒಂದು ಇಂಚು ನೆಲವನ್ನೂ ಬಿಟ್ಟುಕೊಡುವ ಮನುಷ್ಯ ಅವರಲ್ಲ. "ಕಿವಿ ತಮಟೆ ತನಕ ನಮ್ಮದು. ಅಲ್ಲಿಂದ ಒಳಗೆ ಕಾಲಿಟ್ಟೆ ಅಂದ್ರೆ ಗ್ರಂಥಾಲಯ" ಎಂದು ಒಪ್ಪಿದರು.

ಮನೆಯಲ್ಲಿ ಅಪ್ಪನಿಗೆ ಎಲ್ಲರಿಗಿಂತ ಹೆಚ್ಚು ಸಂತೋಷವಾಯಿತು. ಆದರೆ "ನಾನೂ ಒಂದಿನ ಬಂದು ಕಿವಿ ತೋರಿಸ್ತೀನಿ" ಎನ್ನುವ ಬದಲು ಎದ್ದು ಹೋಗಿ ರೇಡಿಯೋ ಹಚ್ಚಿದ. ಅಪ್ಪನ ಕಿವಿಯಲ್ಲಿ ಒಂದು ಶಬ್ದವಿತ್ತು. ಮೊಳೆ ಕಾರ್ಖಾನೆಯಲ್ಲಿ ತಂತಿ ಕತ್ತರಿಸುವ ಯಂತ್ರದ ಪಕ್ಕ ಅರ್ಧ ಆಯಸ್ಸು ಕಳೆದವನು. ಯಂತ್ರ ನಿಂತರೂ ಕಿವಿಯೊಳಗೆ ಏನೋ ನಿಲ್ಲದೆ ಸುಯ್ಯೆನ್ನುತ್ತಿರುತ್ತಿತ್ತು. ಗಲಾಟೆಯಲ್ಲಿ ಮರೆತುಹೋಗುತ್ತಿತ್ತು, ಸುತ್ತ ಸದ್ದಡಗಿದಷ್ಟೂ ಜೋರಾಗುತ್ತಿತ್ತು. ಅದಕ್ಕೇ ಅವನು ರೇಡಿಯೋ ಇಲ್ಲದೆ ಮಲಗುತ್ತಿರಲಿಲ್ಲ. ಒಮ್ಮೆ ಡಾಕ್ಟರು ಬ್ಯಾಟರಿ ಬೆಳಕು ಬಿಟ್ಟು ಕಿವಿಯೊಳಗೆ ನೋಡಿ, ಒಳಗೆ ಏನೂ ಇಲ್ಲವಲ್ಲ ಎಂದಿದ್ದರಂತೆ. ಅಂದಿನಿಂದ ಅಪ್ಪ ಆ ಮಾತೆತ್ತುವುದನ್ನೇ ಬಿಟ್ಟಿದ್ದ. ಅಮ್ಮನ ಪ್ರಕಾರ ಅವನ ಕಾಯಿಲೆ ಬೇರೆ. ಅವಳು ಅಡುಗೆಮನೆಯಿಂದ ಕೂಗಿದ್ದು ಅವನಿಗೆ ಕೇಳಿಸುವುದಿಲ್ಲ, ಊಟಕ್ಕೆ ಕರೆದದ್ದು ಮಾತ್ರ ಕೇಳಿಸುತ್ತದೆ.

ಮೊದಲ ದಿನ ಕಿವಿ ಮೇಡಂ ಯಾಕಮ್ಮನ ಕಿವಿಯನ್ನೇ ಪರೀಕ್ಷಿಸಿದಳು. ಹೆಡ್‌ಫೋನ್ ಹಾಕಿ ಡಬ್ಬಿಯಲ್ಲಿ ಕೂರಿಸಿ ಸ್ವರ ಕಳಿಸಿದಳು. ಇವಳು ಎಲ್ಲದಕ್ಕೂ ಕೈಯೆತ್ತಿದಳು, ಕಳಿಸಿದವಳಿಗೇ ಅನುಮಾನ ಬರುವಷ್ಟು ಸಣ್ಣ ಸ್ವರಕ್ಕೂ ಎತ್ತಿದಳು.

"ಎಂಥಾ ಕಿವಿ ಮಾರಾಯ್ತಿ ನಿಂದು" ಎಂದು ಕಿವಿ ಮೇಡಂ ಮೆಚ್ಚಿ, ಅಂದೇ ಅವಳಿಗೆ ಕೆಲಸ ಕೊಟ್ಟಳು. ಸಾಮಾನ್ಯ ಕೆಲಸವಲ್ಲ ಅದು. ದಿನಾ ಬೆಳಿಗ್ಗೆ ಮೊದಲ ರೋಗಿ ಬರುವ ಮುಂಚೆ ಕಿವಿ ಚುರುಕಾಗಿರುವ ಒಬ್ಬರು ಡಬ್ಬಿಯಲ್ಲಿ ಕೂತು ಯಂತ್ರದ ಸ್ವರಗಳನ್ನೆಲ್ಲ ಒಂದೊಂದಾಗಿ ಕೇಳಬೇಕು. ಎಲ್ಲಾದರೂ ಚರಪರ ಸದ್ದಿದೆಯೇ, ಒಂದು ಕಿವಿಯ ಸ್ವರ ಇನ್ನೊಂದಕ್ಕೆ ಸೋರುತ್ತಿದೆಯೇ ನೋಡಬೇಕು. ಕೊನೆಗೆ ಹೆಡ್‌ಫೋನ್ ತೆಗೆದು, ಉಸಿರು ಬಿಗಿಹಿಡಿದು ಕೋಣೆಯನ್ನೇ ಕೇಳಬೇಕು. ಆಗ ಕಿಟಕಿಯಾಚೆಯಿಂದ ಮೈಕಿನಲ್ಲಿ ಒಂದು ಪ್ರಶ್ನೆ ಬರುತ್ತದೆ: ಬೇರೆ ಏನಾದ್ರೂ ಕೇಳಿಸ್ತಾ? ಇಲ್ಲ ಎಂದರೆ ದಿನದ ಕೆಲಸ ಶುರು. ಇಷ್ಟು ವರ್ಷ ಕಿವಿ ಮೇಡಂ ತಾನೇ ಒಳಗೂ ಹೊರಗೂ ಓಡಾಡಿ ಈ ಕೆಲಸ ಮಾಡುತ್ತಿದ್ದಳು. ಈಗ ಯಾಕಮ್ಮನ ಪಾಲಿಗೆ ಬಂತು. ಯಂತ್ರಗಳ ಸತ್ಯವನ್ನು ಅಳೆಯುವ ಯಂತ್ರ ತಾನೇ ಆದ ಖುಷಿಗೆ ಅವಳಿಗೆ ಅಂದು ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಮಾರನೆಯ ಬೆಳಿಗ್ಗೆ ಹೆಡ್‌ಫೋನ್ ತೆಗೆದು, ಉಸಿರು ಹಿಡಿದು ಕೂತಳು. ಕೇಳಿಸಿತು.

ತೀರಾ ಸಣ್ಣ ಸ್ವರ. ಸೂಜಿಯಲ್ಲಿ ಗಾಳಿಯ ಮೇಲೆ ಗೆರೆ ಎಳೆದ ಹಾಗೆ, ಏರದೆ ಇಳಿಯದೆ, ನಿಲ್ಲದೆ. ಎಲ್ಲಿಂದ ಎಂದು ಗೊತ್ತಾಗಲಿಲ್ಲ. ತಲೆ ತಿರುಗಿಸಿದರೆ ಅದೂ ತಿರುಗಿದಂತೆ, ತಲೆಯೊಳಗೇ ಇದ್ದಂತೆ. ಸುತ್ತ ಸದ್ದಡಗಿದಷ್ಟೂ ಜೋರಾಗುವ ಶಬ್ದ ಯಾವುದೆಂದು ಆ ಮನೆಯ ಮಗಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅಪ್ಪನದು ತನಗೂ ಬಂದಿದೆ, ಇಷ್ಟು ದಿನ ಇಂಥ ಸದ್ದಿಲ್ಲದ ಜಾಗದಲ್ಲಿ ಕೂತಿರಲಿಲ್ಲವಾದ್ದರಿಂದ ಗೊತ್ತಾಗಿರಲಿಲ್ಲ, ಅಷ್ಟೇ.

"ಬೇರೆ ಏನಾದ್ರೂ ಕೇಳಿಸ್ತಾ?" ಮೈಕು ಕೇಳಿತು.

ಹೌದೆಂದರೆ ಏನಾಗುತ್ತದೆಂದು ಅವಳಿಗೆ ಸ್ಪಷ್ಟವಾಗಿತ್ತು. ಕಿವಿಯೊಳಗೆ ತನ್ನದೇ ಸದ್ದಿರುವವರನ್ನು ಈ ಕುರ್ಚಿಯಲ್ಲಿ ಯಾರೂ ಕೂರಿಸುವುದಿಲ್ಲ. ಇಂಥ ಕಿವಿ ಇಟ್ಟುಕೊಂಡು ಮುಂದೆ ಶಬ್ದದ ಪಾಠ ಓದುತ್ತೇನೆ ಎನ್ನುವುದೂ ನಗೆಪಾಟಲು. ಊರೆಲ್ಲ ಅಲೆದು ಸಿಕ್ಕ ಒಂದೇ ಒಂದು ಜಾಗ ಒಂದೇ ಮಾತಿಗೆ ಕೈತಪ್ಪುತ್ತದೆ.

"ಇಲ್ಲ ಮೇಡಂ" ಎಂದಳು.

ಅದರ ಮರುದಿನವೂ ಇಲ್ಲ ಎಂದಳು, ಆಮೇಲಿನ ದಿನವೂ. ಸುಳ್ಳಿಗೆ ಒಂದು ಗುಣವಿದೆ, ಮೊದಲ ಸಲ ಗಂಟಲಿಗೆ ಅಡ್ಡ ಬರುತ್ತದೆ, ಆಮೇಲೆ ದಾರಿ ಮಾಡಿಕೊಳ್ಳುತ್ತದೆ. ಯಾಕಮ್ಮನ ವಿಷಯದಲ್ಲಿ ಮಾತ್ರ ಅದು ದಿನವೂ ಅಡ್ಡ ಬಂತು. ಶನಿವಾರ ಮಧ್ಯಾಹ್ನ ಮನೆಯಲ್ಲಿ ಬಟ್ಟೆಯ ಕಪಾಟಿನೊಳಗೆ ನುಗ್ಗಿ, ಅಪ್ಪನ ಉಣ್ಣೆಯ ಕೋಟನ್ನು ತಲೆಗೆ ಸುತ್ತಿಕೊಂಡು ಬಾಗಿಲು ಎಳೆದುಕೊಂಡಳು. ಸುಯ್ ಎನ್ನುವ ಸದ್ದು ಕೇಳಿಸಲಿಲ್ಲ. ಆದರೆ ಪಕ್ಕದ ಮನೆಯ ನಲ್ಲಿ, ಬೀದಿಯ ಬಸ್ಸು, ಅಮ್ಮನ ಹೊಲಿಗೆ ಯಂತ್ರ ಎಲ್ಲವೂ ಕೇಳಿಸುತ್ತಿದ್ದವು. ಇಷ್ಟು ಗದ್ದಲದಲ್ಲಿ ಅಪ್ಪನಿಗೂ ಕೇಳಿಸುತ್ತಿರಲಿಲ್ಲವಲ್ಲ. ಪ್ರಯೋಗ ಕೆಟ್ಟಿತು. ಹೊರಗೆ ಬಂದಾಗ ಅಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ಯಾಕಮ್ಮ, ಕಪಾಟಿಗೂ ಏನಾದ್ರೂ ಪ್ರಶ್ನೆ ಇತ್ತಾ?"

"ಏನಿಲ್ಲ" ಎಂದಳು ಮಗಳು. ಆ ವಾರ ಅವಳ ಬಾಯಲ್ಲಿ ಹೆಚ್ಚು ಬಂದ ಮಾತು ಅದೇ.

ಎರಡನೇ ವಾರದಲ್ಲಿ ಒಂದು ಪುಟ್ಟ ಹುಡುಗ ಬಂದ. ಐದು ವರ್ಷವಿರಬೇಕು, ತಾಯಿಯ ಸೆರಗಿನ ಹಿಂದೆ ಅರ್ಧ ಮುಖ. ಕರೆದರೆ ತಿರುಗುವುದಿಲ್ಲ, ಪಾಠ ಕೇಳಿಸಿಕೊಳ್ಳುವುದಿಲ್ಲ ಎಂದು ಅವನ ಶಾಲೆಯವರು ಕಳಿಸಿದ್ದರು. ಹೋದ ವಾರವೂ ಬಂದು ಪರೀಕ್ಷೆಗೆ ಕೂರದೆ ಅತ್ತು ರಂಪ ಮಾಡಿ ಹೋಗಿದ್ದ. ಇವತ್ತೂ ಕೂರದಿದ್ದರೆ ದೊಡ್ಡ ಆಸ್ಪತ್ರೆಗೆ ಕಳಿಸಿ, ಮಂಪರು ಬರುವ ಔಷಧಿ ಕೊಟ್ಟು ಮಲಗಿಸಿ ಪರೀಕ್ಷಿಸಬೇಕು ಎಂದು ಕಿವಿ ಮೇಡಂ ತಾಯಿಗೆ ಹೇಳಿದಳು. ತಾಯಿ ಕೈಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚುತ್ತಿದ್ದಳು. ಯಾಕಮ್ಮನಿಗೆ ಆ ಬೆರಳುಗಳನ್ನು ನೋಡಲಾಗಲಿಲ್ಲ.

ಮಕ್ಕಳ ಪರೀಕ್ಷೆ ಆಟದ ಥರ. ಸ್ವರ ಕೇಳಿಸಿದ ಕೂಡಲೇ ಒಂದು ಮರದ ತುಂಡನ್ನು ಬುಟ್ಟಿಗೆ ಹಾಕಬೇಕು. ತುಂಡುಗಳನ್ನು ಎತ್ತಿಕೊಡಲು ಯಾಕಮ್ಮ ಹುಡುಗನ ಜೊತೆ ಡಬ್ಬಿಯೊಳಗೆ ಕೂತಳು. ಹೆಡ್‌ಫೋನ್ ಹಾಕಿಸಿಕೊಳ್ಳಲು ಅವನು ಒಪ್ಪಲಿಲ್ಲವಾದ್ದರಿಂದ ಸ್ವರಗಳು ಗೋಡೆಯ ಸ್ಪೀಕರಿನಿಂದ ಬರಬೇಕಿತ್ತು. ಬಾಗಿಲು ಮುಚ್ಚಿತು. ಇನ್ನೂ ಒಂದೂ ಸ್ವರ ಬಂದಿರಲಿಲ್ಲ, ಹುಡುಗ ಒಂದು ತುಂಡು ಬುಟ್ಟಿಗೆ ಹಾಕಿದ. ಮತ್ತೊಂದು ಹಾಕಿದ. ಬುಟ್ಟಿ ತುಂಬಿಸುವ ಗುತ್ತಿಗೆ ಹಿಡಿದವನಂತೆ ಎಲ್ಲವನ್ನೂ ಸುರಿದ. ಆಮೇಲೆ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ಚಾವಣಿಯ ಕಡೆ ದುರುಗುಟ್ಟಿ ನೋಡಿದ.

"ಅದು ಯಾವಾಗ್ಲೂ ಹಂಗೇ ಕಿರ್ರ್ ಅನ್ನುತ್ತಾ?" ಎಂದ ಯಾಕಮ್ಮನಿಗೆ.

ಯಾಕಮ್ಮನ ಕೈಯಲ್ಲಿದ್ದ ಮರದ ತುಂಡು ಅಲ್ಲೇ ಉಳಿಯಿತು. "ಯಾವುದು?"

"ಅದೇ. ಸೊಳ್ಳೆ ಥರದ್ದು. ನಿಂಗೆ ಕೇಳಿಸ್ತಿಲ್ವಾ?"

ಆಗ ಅವಳಿಗೆ ಮೊದಲು ಬಂದದ್ದು ಸಂತೋಷ, ಕುಣಿಯುವಷ್ಟು ಸಂತೋಷ. ಇವನಿಗೂ ಕೇಳಿಸುತ್ತಿದೆ ಎಂದರೆ ಅದು ತನ್ನ ಕಿವಿಯೊಳಗಿನದಲ್ಲ. ಕೋಣೆಯದು. ಆ ಸಂತೋಷ ಪೂರ್ತಿ ಏರುವ ಮೊದಲೇ ಇನ್ನೊಂದು ಯೋಚನೆ ಬಂದು ಅದರ ಕಾಲೆಳೆಯಿತು. ಕೋಣೆಯದು ಎಂದರೆ, ದಿನಾ ಬೆಳಿಗ್ಗೆ ಇಲ್ಲ ಎಂದವಳು ತಾನು. ತನ್ನ ಆ ಒಂದು ಮಾತನ್ನು ನಂಬಿ ಈ ಹುಡುಗನನ್ನು ಒಳಗೆ ಕೂರಿಸಿದ್ದಾರೆ. ಈಗ ಬಾಯಿಬಿಟ್ಟರೆ ಸದ್ದಿನ ಜೊತೆ ಸುಳ್ಳೂ ಹೊರಬೀಳುತ್ತದೆ.

ಬಾಗಿಲು ತೆರೆಯಿತು. ಕಿವಿ ಮೇಡಂ ತಾಯಿಯ ಕಡೆ ತಿರುಗಿ, "ಆಗಲ್ಲಮ್ಮ ಇವತ್ತೂ. ದೊಡ್ಡ ಆಸ್ಪತ್ರೆಗೇ ಹೋಗ್ಬೇಕಾಗುತ್ತೆ" ಎನ್ನುತ್ತಿದ್ದಳು. ತಾಯಿ ಹುಡುಗನ ಕೈಹಿಡಿದು ಏಳಿಸಿದಳು.

"ಮೇಡಂ, ಒಂದು ನಿಮಿಷ" ಎಂದಳು ಯಾಕಮ್ಮ. "ಡಬ್ಬಿಯೊಳಗೆ ಒಂದು ಸದ್ದಿದೆ. ಇವನಿಗೂ ಕೇಳಿಸ್ತಿದೆ, ನಂಗೂ ಕೇಳಿಸ್ತಿದೆ. ನಂಗೆ ಮೊದಲಿಂದಾನೂ ಕೇಳಿಸ್ತಿತ್ತು. ನಾನು ಸುಳ್ಳು ಹೇಳ್ದೆ."

ಕಿವಿ ಮೇಡಂ ಅವಳ ಮುಖವನ್ನೇ ನೋಡಿದಳು. ಬಯ್ಯಲಿಲ್ಲ. ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಬಹಳ ಹೊತ್ತು ಕೂತಳು. ಹೊರಗೆ ಬಂದು ತಲೆ ಅಲ್ಲಾಡಿಸಿದಳು. ಅವಳಿಗೆ ಏನೂ ಕೇಳಿಸಿರಲಿಲ್ಲ. ಪಕ್ಕದ ವಿಭಾಗದಲ್ಲಿದ್ದ ಆಸ್ಪತ್ರೆಯ ಎಲೆಕ್ಟ್ರಿಷಿಯನ್‌ನನ್ನು ಕರೆಸಿದಳು. ನಿವೃತ್ತಿಗೆ ಹತ್ತಿರವಾದ ಆ ಮನುಷ್ಯ ಒಳಗೆ ಕೂತು, ಇಷ್ಟು ಪ್ರಶಾಂತವಾದ ಜಾಗದಲ್ಲಿ ಒಂದು ನಿದ್ದೆ ತೆಗೆಯಬಹುದು ಎಂದು ವರದಿ ಕೊಟ್ಟ. ಶಬ್ದ ಅಳೆಯುವ ಮೀಟರೂ ಸುಮ್ಮನಿತ್ತು. ಪರೀಕ್ಷೆಗೆ ಬೇಕಾದ ಸ್ವರಗಳಿಗಿಂತ ಎತ್ತರದ್ದನ್ನು ಅದು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ.

"ಇತ್ತೀಚೆಗೆ ಒಳಗೆ ಏನಾದ್ರೂ ಬದಲಾಯಿಸಿದೀರಾ?" ಯಾಕಮ್ಮ ಕೇಳಿದಳು.

"ಹೋದ ತಿಂಗಳು ಹೊಸ ದೀಪ ಹಾಕ್ದೆ" ಎಂದ ಎಲೆಕ್ಟ್ರಿಷಿಯನ್. ಹೇಳಿದ ಮೇಲೆ ಅವನ ಮುಖ ಸ್ವಲ್ಪ ಗಂಟಾಯಿತು. "ಅದ್ರಲ್ಲೇನೂ ತಪ್ಪಿಲ್ಲ. ಈ ಕಟ್ಟಡದಲ್ಲೇ ಎಲ್ಲಕ್ಕಿಂತ ಒಳ್ಳೆ ದೀಪ ಅದು."

"ಆರಿಸಿ ನೋಡೋಣ."

"ನಿಲ್ಲು" ಎಂದಳು ಕಿವಿ ಮೇಡಂ. "ದೀಪ ಅಂತ ಹೇಳಿಬಿಟ್ವಲ್ಲ. ಈಗ ಆರಿದ್ದು ಕಣ್ಣಿಗೆ ಕಂಡ್ರೆ ನಿನ್ನ ಕಿವಿ ತಾನಾಗೇ ಸದ್ದು ನಿಂತೋಯ್ತು ಅನ್ನುತ್ತೆ. ಕಿವಿಗಿಂತ ಮನಸ್ಸು ಮುಂದೆ ಓಡುತ್ತೆ, ಅದನ್ನ ನಾನು ದಿನಾ ನೋಡ್ತೀನಿ."

ಯಾಕಮ್ಮನಿಗೆ ಅರ್ಥವಾಯಿತು. ತಾನೇ ತನ್ನ ಕೊರಳಿನ ದುಪಟ್ಟಾ ತೆಗೆದು ಕಣ್ಣಿಗೆ ಬಿಗಿಯಾಗಿ ಕಟ್ಟಿಕೊಂಡು, ಕಿಟಕಿಗೆ ಬೆನ್ನು ಹಾಕಿ ಕುರ್ಚಿಯಲ್ಲಿ ಕೂತಳು. ಬಾಗಿಲು ಮುಚ್ಚಿತು. ದೀಪದ ಸ್ವಿಚ್ಚು ಹೊರಗಿತ್ತು. ಕಿವಿ ಮೇಡಂ ನಾಣ್ಯ ಚಿಮ್ಮಿ ಬೆರಳಿನಿಂದ ಸನ್ನೆ ಮಾಡುತ್ತಿದ್ದಳು, ಎಲೆಕ್ಟ್ರಿಷಿಯನ್ ಅದರಂತೆ ಹಚ್ಚುತ್ತಿದ್ದ, ಇಲ್ಲವೇ ಆರಿಸುತ್ತಿದ್ದ. ಸದ್ದು ಇರುವಷ್ಟು ಹೊತ್ತು ಯಾಕಮ್ಮ ಕೈಯೆತ್ತಿ ಹಿಡಿಯಬೇಕು.

ದೀಪ ಹತ್ತಿತು, ಕೈ ಮೇಲೆದ್ದಿತು. ಆರಿತು, ಕೈ ಇಳಿಯಿತು. ತನ್ನ ದೀಪದ ಮರ್ಯಾದೆ ಉಳಿಸಿಕೊಳ್ಳಲು ಎಲೆಕ್ಟ್ರಿಷಿಯನ್ ಸ್ವಿಚ್ಚನ್ನು ಒತ್ತಿದಂತೆ ಮಾಡಿ ಒತ್ತದೆ ಬಿಟ್ಟ, ಕೈ ಇದ್ದಲ್ಲೇ ಇತ್ತು. ಚಕಚಕನೆ ಆರಿಸಿ ಹಚ್ಚಿದ, ಕೈ ಅಷ್ಟೇ ಚಕಚಕನೆ ಇಳಿದೆದ್ದಿತು. ಒಂದು ಸಲವೂ ತಪ್ಪಲಿಲ್ಲ. ಗಾಜಿನ ಆಚೆ ನಿಂತು ಇದನ್ನೆಲ್ಲ ನೋಡುತ್ತಿದ್ದ ಪುಟ್ಟ ಹುಡುಗನಿಗೆ ಇದು ಬಹಳ ಹಿಡಿಸಿತು. ತನಗೂ ಕಣ್ಣು ಕಟ್ಟಿ ಎಂದು ತಾಯಿಯನ್ನು ಪೀಡಿಸತೊಡಗಿದ.

"ದೀಪದ ಒಳಗಿನ ಅಡಾಪ್ಟರ್ ಇರ್ಬೇಕು" ಎಂದು ಎಲೆಕ್ಟ್ರಿಷಿಯನ್ ಕೊನೆಗೆ ಸೋಲೊಪ್ಪಿದ. "ನಂಗೆ ಕೇಳಿಸದೇ ಇರೋ ಸದ್ದನ್ನ ನಾನು ಹೇಗೆ ರಿಪೇರಿ ಮಾಡ್ಲಿ?"

ಕಿವಿ ಮೇಡಂ ಕುರ್ಚಿಯಲ್ಲಿ ಕುಸಿದು ನಗತೊಡಗಿದಳು. ಅಷ್ಟು ಎತ್ತರದ ಸ್ವರ ವಯಸ್ಸಾದಂತೆ ಎಲ್ಲರ ಕಿವಿಯಿಂದಲೂ ಜಾರಿಹೋಗುತ್ತದೆ, ಅದನ್ನು ದಿನಾ ನಾಲ್ಕು ಜನಕ್ಕೆ ಹೇಳುವವಳು ಅವಳೇ. ಆದರೂ ಕೋಣೆ ನಿಶ್ಶಬ್ದವಾಗಿದೆಯೇ ಎಂದು ನೋಡಲು ಇಷ್ಟು ದಿನ ತನ್ನದೇ ಕಿವಿಯನ್ನು ನೆಚ್ಚಿದ್ದಳು. ಇನ್ನು ಡಬ್ಬಿಗೆ ಬರುವವರು ಯಾರು? ಆ ಸದ್ದು ಕೇಳಿಸದ ಮುದುಕರು, ಇಲ್ಲವೇ ಕೇಳಿಸಿದರೂ ಹೇಳಲು ಬಾರದ ಮಕ್ಕಳು. ಹೇಳಬಲ್ಲವಳು ಒಬ್ಬಳಿದ್ದಳು, ಅವಳು ಬಾಯಿಗೆ ಬೀಗ ಹಾಕಿಕೊಂಡಿದ್ದಳು.

ದೀಪ ಆರಿಸಿ, ಕಿಟಕಿಯ ಹೊರಗೊಂದು ಮೇಜಿನ ದೀಪ ಇಟ್ಟರು. ಒಳಗೆ ಮಬ್ಬು ಬೆಳಕು, ಪೂರ್ತಿ ಮೌನ. ಹುಡುಗ ಈಗ ಹೆಡ್‌ಫೋನ್ ಹಾಕಿಸಿಕೊಂಡ. ಒಂದು ತುಂಡನ್ನು ಕೆನ್ನೆಗೊತ್ತಿ ಹಿಡಿದು, ಕಣ್ಣರಳಿಸಿ ಕಾದ. ಸ್ವರ ಬಂದಾಗ ಬುಟ್ಟಿಗೆ ಹಾಕಿದ. ಬರದಿದ್ದಾಗ ಹಾಕಲಿಲ್ಲ. ಬಲಗಿವಿ ಚೊಕ್ಕವಾಗಿತ್ತು. ಎಡಗಿವಿ ಸ್ವಲ್ಪ ಮಂದ. ನೆಗಡಿಯಿಂದ ಒಳಗೆ ನೀರು ಕಟ್ಟಿಕೊಂಡಂತಿದೆ, ಔಷಧಿಗೆ ಇಳಿಯುತ್ತದೆ, ಅಲ್ಲಿಯವರೆಗೂ ಶಾಲೆಯಲ್ಲಿ ಟೀಚರು ಬಲಗಿವಿಯ ಕಡೆ ಬರುವ ಹಾಗೆ ಕೂರಲಿ ಎಂದಳು ಕಿವಿ ಮೇಡಂ. ತಾಯಿ ಕೈಚೀಲದ ಪಟ್ಟಿಯನ್ನು ಬಿಟ್ಟಳು. ಬೆರಳಲ್ಲಿ ಕೆಂಪು ಗೆರೆ ಬಿದ್ದಿತ್ತು, ಅದನ್ನು ಉಜ್ಜಿಕೊಳ್ಳುತ್ತಾ ಅಳುವೋ ನಗುವೋ ಗೊತ್ತಾಗದ ಹಾಗೆ ಎಲ್ಲರ ಮುಖವನ್ನೂ ನೋಡಿದಳು.

ಅವರು ಹೋದ ಮೇಲೆ ಕೋಣೆಯಲ್ಲಿ ಇಬ್ಬರೇ ಉಳಿದರು.

"ಯಾಕೆ ಹೇಳ್ಲಿಲ್ಲ?" ಈ ಸಲ ಯಾಕೆ ಎಂದು ಕೇಳಿದವಳು ಕಿವಿ ಮೇಡಂ.

"ನನ್ನ ಕಿವೀನೇ ಕೆಟ್ಟಿದೆ ಅನ್ಕೊಂಡೆ. ಗೊತ್ತಾದ್ರೆ ಕಳಿಸಿಬಿಡ್ತೀರ ಅನ್ಕೊಂಡೆ."

"ಇಷ್ಟು ವರ್ಷದಲ್ಲಿ ಇಲ್ಲಿಗೆ ಬಂದೋರೆಲ್ಲ, ನನ್ನ ಕಿವಿ ಸರಿಯಾಗೇ ಇದೆ, ಜನ ಗೊಣಗಿಕೊಂಡು ಮಾತಾಡ್ತಾರೆ ಅಂತಾನೇ ಹೇಳೋದು. ಕೋಣೆ ತಪ್ಪನ್ನ ತನ್ನ ಕಿವಿ ಮೇಲೆ ಹಾಕ್ಕೊಂಡೋಳು ನೀನೊಬ್ಳೇ." ಮತ್ತೆ ಕೇಳಿದಳು. "ಕಿವಿಯೊಳಗೆ ಸದ್ದು ಬರುತ್ತೆ ಅನ್ನೋದು ಈ ವಯಸ್ಸಿಗೆ ನಿನ್ನ ತಲೆಗೆ ಹೇಗೆ ಬಂತು?"

ಯಾಕಮ್ಮ ಅಪ್ಪನ ವಿಷಯ ಹೇಳಿದಳು. ಮೊಳೆ ಕಾರ್ಖಾನೆ, ರೇಡಿಯೋ, ಒಳಗೆ ಏನೂ ಇಲ್ಲವಲ್ಲ ಎಂದ ಡಾಕ್ಟರು. ಹೇಳುತ್ತಾ ಹೇಳುತ್ತಾ ಅವಳಿಗೆ ಅಳು ಬಂತು. ಒಂದೇ ವಾರ ಆ ಸದ್ದನ್ನು ಯಾರಿಗೂ ಹೇಳದೆ ಹೊಟ್ಟೆಯಲ್ಲಿಟ್ಟುಕೊಂಡು ತನಗೆ ಇಷ್ಟು ಸಾಕಾಗಿತ್ತು. ಅಪ್ಪ ಎಷ್ಟು ವರ್ಷದಿಂದ ಇಟ್ಟುಕೊಂಡಿದ್ದಾನೆ. ಅವನ ಸದ್ದಿಗೆ ಹೊರಗಡೆ ಸ್ವಿಚ್ಚೂ ಇಲ್ಲ.

"ಕರ್ಕೊಂಡು ಬಾ" ಎಂದಳು ಕಿವಿ ಮೇಡಂ. "ತೆಗೆಯೋಕೆ ನಮ್ಮ ಕೈಲಿ ಆಗಲ್ಲ. ಆದ್ರೆ ಅದು ಎಂಥಾ ಸದ್ದು ಅಂತ ಕಂಡುಹಿಡೀಬಹುದು. ಅದು ಗೊತ್ತಾದ್ರೆ ತಡ್ಕೊಳ್ಳೋದಕ್ಕೆ ದಾರಿ ಇದೆ."

ಅಪ್ಪ ಸುಲಭಕ್ಕೆ ಸೊಪ್ಪು ಹಾಕಲಿಲ್ಲ. ಕಾರ್ಖಾನೆಗೆ ರಜೆ ಸಿಗುವುದಿಲ್ಲ ಎಂದ, ರಜೆ ಸಿಕ್ಕ ಮೇಲೆ ಅಂಗಿ ಸರಿಯಿಲ್ಲ ಎಂದ. ಅಮ್ಮ ಅಂಗಿಗೆ ಇಸ್ತ್ರಿ ಹಾಕಿ ಕೈಗೆ ಕೊಟ್ಟು, ತಾನೂ ಹೊರಟಳು. ದಾರಿಯಲ್ಲಿ ತಪ್ಪಿಸಿಕೊಂಡಾನು ಎಂಬ ಗುಮಾನಿ ಅವಳಿಗೆ. ಯಾಕಮ್ಮನ ಕೆಲಸದ ಕೊನೆಯ ದಿನ ಅದು. ಅಪ್ಪ ಡಬ್ಬಿಯೊಳಗೆ ದೊಡ್ಡ ಮೈಯನ್ನು ಕುಗ್ಗಿಸಿಕೊಂಡು, ಮೊಣಕಾಲ ಮೇಲೆ ಕೈಯಿಟ್ಟು ಕೂತ. ಅಮ್ಮ ಹೊರಗಿನ ಬೆಂಚಿನ ಮೇಲೆ.

ಕಿವಿ ಮೇಡಂ ಯಾಕಮ್ಮನನ್ನು ಯಂತ್ರದ ಮುಂದೆ ಕೂರಿಸಿ, ಅವಳ ಕಿವಿಗೂ ಒಂದು ಹೆಡ್‌ಫೋನ್ ಹಾಕಿದಳು. ಮೈಕಿನಲ್ಲಿ ಅಪ್ಪನಿಗೆ ಹೇಳಿದಳು. "ಒಂದೊಂದೇ ಸ್ವರ ಕಳಿಸ್ತೀವಿ. ನಿಮ್ಮ ಕಿವಿಯೊಳಗಿರೋದಕ್ಕಿಂತ ದಪ್ಪ ಇದ್ರೆ ಕೈ ಮೇಲೆ ಮಾಡಿ, ಸಣ್ಣ ಇದ್ರೆ ಕೆಳಗೆ ಮಾಡಿ."

ಯಾಕಮ್ಮ ಒಂದು ಸ್ವರ ಕಳಿಸಿದಳು. ಅಪ್ಪನ ಕೈ ಮೇಲೆ ತೋರಿಸಿತು. ತಿರುಗಣೆ ತಿರುಗಿಸಿದಳು. ಇನ್ನೂ ಮೇಲೆ. ಮತ್ತೆ ತಿರುಗಿಸಿದಳು, ಈಗ ಕೆಳಗೆ. ಒಂದು ಕೂದಲೆಳೆಯಷ್ಟು ಹಿಂದಕ್ಕೆ ತಂದಳು. ಜೋರು ಸ್ವಲ್ಪ ಹೆಚ್ಚಿಸಿದಳು, ಇನ್ನೂ ಸ್ವಲ್ಪ ಹೆಚ್ಚಿಸಿದಳು. ಅವಳ ನಿರೀಕ್ಷೆಗಿಂತ ಬಹಳ ಹೆಚ್ಚಿಸಬೇಕಾಯಿತು. ಅಪ್ಪನ ಕೈ ಗಾಳಿಯಲ್ಲೇ ನಿಂತಿತು, ಮೇಲಕ್ಕೂ ಹೋಗಲಿಲ್ಲ, ಕೆಳಕ್ಕೂ ಬರಲಿಲ್ಲ.

"ಇದೇ" ಎಂದ ಅಪ್ಪ. "ಇದೇ ಅದು. ನಿಮಗೂ ಕೇಳಿಸ್ತಿದೆಯಾ?"

ಯಾಕಮ್ಮನ ಹೆಡ್‌ಫೋನಿನಲ್ಲಿ ಕೇಳಿಸುತ್ತಿತ್ತು. ಕತ್ತರಿಸಿದ ತಂತಿಯ ತುದಿಯಂತೆ ಚೂಪಾದ, ಬಿಡುವಿಲ್ಲದ ಸ್ವರ. ಕಿವಿಯೊಳಗೆ ಇದು ಕೇಳಿಸುತ್ತಿರುವಾಗಲೇ ಅವನು ಅವಳಿಗೆ ಸೈಕಲ್ ಕಲಿಸಿದ್ದು, ಅವಳ ಯಾಕೆಗಳಿಗೆಲ್ಲ ಉತ್ತರ ಹೇಳಿದ್ದು. ಅವಳು ಮೈಕಿನ ಗುಂಡಿ ಒತ್ತಿದಳು.

"ಕೇಳಿಸ್ತಿದೆ ಅಪ್ಪ. ನಿಲ್ಲಿಸ್ಲಾ?"

"ಬೇಡ, ಇರ್ಲಿ. ಅಮ್ಮನ್ನ ಕರಿ. ಅವಳೂ ಕೇಳ್ಲಿ."

ಅಮ್ಮ ಒಳಗೆ ಬಂದು, ಸೆರಗಿನಿಂದ ಕೈ ಒರೆಸಿಕೊಂಡು, ಮಗಳು ಕೊಟ್ಟ ಹೆಡ್‌ಫೋನ್ ಹಾಕಿಕೊಂಡಳು. ಹಾಕಿಕೊಂಡ ಕೂಡಲೇ ಮುಖ ಕಿವುಚಿ ತೆಗೆಯಲು ಕೈಯೆತ್ತಿದಳು. ಗಾಜಿನ ಆಚೆ ಗಂಡ ತನ್ನನ್ನೇ ನೋಡುತ್ತಿದ್ದ. ಅವಳು ಎತ್ತಿದ ಕೈಯನ್ನು ಇಳಿಸಿ, ನಿಂತೇ ಕೇಳಿದಳು. ಬಹಳ ಹೊತ್ತು ಕೇಳಿದಳು. ಆಮೇಲೆ ಮೈಕಿನ ಹತ್ತಿರ ಬಗ್ಗಿದಳು.

"ಇದರ ಮಧ್ಯೆ ಇಷ್ಟು ವರ್ಷ ನನ್ನ ಮಾತು ನಿಮಗೆ ಹೇಗೆ ಕೇಳಿಸ್ತಿತ್ರೀ?"

"ನಿನ್ನ ಬಾಯಿ ನೋಡಿ ತಿಳ್ಕೊತಿದ್ದೆ" ಎಂದ ಅಪ್ಪ. "ಅಡುಗೆಮನೆಯಿಂದ ಕೂಗಿದ್ರೆ ಮಾತ್ರ ಆಗ್ತಿರ್ಲಿಲ್ಲ."